ಕಾರು ಮುಳುಗದೆ ನಿಂತಾಗ 'ಅಯ್ಯೋ' ಅಂದದ್ದು ಯಾರಿಗೆ? (ಪಾಪ ಅನ್ನಿಸೋ ಖಳರ ಬಗ್ಗೆ)

ಎರಡನೇ_ಆಟ | ಶನಿವಾರ ರಾತ್ರಿ 11:48

ಇವತ್ತು ಅಮ್ಮನ ಜೊತೆ ಕೂತು ಹಿಚ್‌ಕಾಕ್‌ನ 'ಸೈಕೋ' ನೋಡಿದೆ. 1960ರದ್ದು, ಕಪ್ಪು ಬಿಳುಪು. ನನಗೆ ಮೂರನೇ ಸಲ, ಅಮ್ಮನಿಗೆ ಮೊದಲನೇ ಸಲ. ಇನ್ನೂ ನೋಡದೇ ಇರೋರು ಇಲ್ಲಿಗೇ ನಿಲ್ಲಿಸಿ. ಅರವತ್ತು ವರ್ಷದ ಮೇಲಾಯ್ತು, ಆದ್ರೂ ಹೇಳೋದು ನನ್ನ ಧರ್ಮ.

ಬಚ್ಚಲುಮನೆ ಕೊಲೆ ಆಗೋವಾಗ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ರು. ಆಮೇಲೆ ನಾರ್ಮನ್ ಬೇಟ್ಸ್ ಬರ್ತಾನೆ. ಕೊಂದಿದ್ದು ಅವನ ತಾಯಿ ಅಂತ ಆಗ ನಾವು ನಂಬಿರ್ತೀವಿ. ಬಕೆಟ್ಟು, ಮಾಪು ತರ್ತಾನೆ. ಟಬ್ಬು ತೊಳೀತಾನೆ, ಗೋಡೆ ಒರೆಸ್ತಾನೆ, ನೆಲ ಒರೆಸ್ತಾನೆ. ಎಷ್ಟೋ ನಿಮಿಷ ಒಂದು ಮಾತಿಲ್ಲ. ಹೆಣಾನ ಸ್ನಾನದ ಪರದೆಯಲ್ಲೇ ಸುತ್ತಿ ಆ ಹುಡುಗಿಯ ಕಾರಿನ ಡಿಕ್ಕಿಗೇ ಹಾಕಿ, ಕಾರನ್ನ ಜವುಗಿಗೆ ತಳ್ತಾನೆ. ದಡದಲ್ಲಿ ನಿಂತು ಏನೋ ಜಗೀತಾ ನೋಡ್ತಾನೆ. ಕಾರು ಗುಳುಗುಳು ಅಂತ ಇಳೀತಾ ಇಳೀತಾ ಅರ್ಧಕ್ಕೆ ನಿಂತ್ಬಿಡತ್ತೆ.

ಆಗ ಅಮ್ಮ "ಅಯ್ಯೋ" ಅಂದ್ರು.

ಯಾರಿಗೆ ಅಯ್ಯೋ? ಮುಕ್ಕಾಲು ಗಂಟೆ ಆ ಹುಡುಗಿ ಪರವಾಗಿ ಕೂತಿದ್ದ ನಮ್ಮಮ್ಮ, ಅವಳು ಸತ್ತು ಹತ್ತು ನಿಮಿಷ ಆಗಿಲ್ಲ, ಹೆಣ ಬಚ್ಚಿಡೋನ ಪಾರ್ಟಿ ಸೇರಿಬಿಟ್ಟಿದ್ರು. ನಾನೂ ಸೇರಿದ್ದೆ ಅನ್ನಿ, ಮೂರು ಸಲವೂ.

ನನ್ನ ತಲೆ ತಿಂತಿರೋದು ಇದು. ಅಲ್ಲೀವರೆಗೆ ನಾರ್ಮನ್ನಿನ ಬಾಲ್ಯ ತೋರಿಸಿಲ್ಲ, ಮಳೇಲಿ ನೆನೆಯೋ ಅನಾಥ ಹುಡುಗ ಇಲ್ಲ, ಪಿಟೀಲಿನ ಗೋಳಿಲ್ಲ. ಆದ್ರೂ ನಾವು ಅವನ ಕಡೆ. ನಮ್ಮ ಈಚಿನ ಸಿನಿಮಾಗಳಲ್ಲಿ ಖಳನಿಗೆ ಹತ್ತು ನಿಮಿಷದ ಫ್ಲ್ಯಾಶ್‌ಬ್ಯಾಕ್ ಕೊಟ್ಟು, ಅಪ್ಪನಿಂದ ಬೆಲ್ಟಲ್ಲಿ ಹೊಡೆಸಿ, ಊರವರಿಂದ ಅವಮಾನ ಮಾಡಿಸಿದರೂ ನನಗೆ ಏನೂ ಅನ್ನಿಸಲ್ಲ. ಗಾಯ ತೋರಿಸಿದ್ರೆ ಕಾರಣ ಗೊತ್ತಾಗತ್ತೆ, ಅಷ್ಟೇ. ಹೊಟ್ಟೆಯೊಳಗೆ ಏನೂ ಅಲ್ಲಾಡಲ್ಲ.

ನಿಮಗೆ ಹಂಗೆ ಅಯ್ಯೋ ಅನ್ನಿಸಿದ ಖಳ ಯಾರು? ಯಾವ ದೃಶ್ಯದಲ್ಲಿ? 'ಪಾತ್ರ ಚೆನ್ನಾಗಿದೆ' ಅಂತ ಬರೀಬೇಡಿ. ದೃಶ್ಯ ಹೇಳಿ.

ಕೊನೆ_ಬೆಂಚು | ಭಾನುವಾರ ಬೆಳಗ್ಗೆ 7:15

ಗುರು, ಫ್ಲ್ಯಾಶ್‌ಬ್ಯಾಕ್ ಮೇಲೆ ಯಾಕಿಷ್ಟು ಕೋಪ? 'ಪರಿಂದಾ' ನೋಡಿದೀಯಾ, 1989ರದ್ದು? ನಾನಾ ಪಾಟೇಕರ್ ಮಾಡಿರೋ ಅಣ್ಣಾ ಅನ್ನೋ ಡಾನ್. ಹೆಂಡತಿ ಮಗೂನ ಸುಟ್ಟುಹಾಕಿದವನು. ಅದೂ ಹಳೇ ಕತೆ ತಾನೇ? ಆದ್ರೆ ಅವನು ಬೆಂಕಿ ಕಂಡ್ರೆ ಸಾಕು, ಮೈ ನಡುಗಿ ಮಗು ಥರ ಆಗ್ಬಿಡ್ತಾನೆ. ಮುಂಬಯಿನ ಅರ್ಧ ಜನ ಅವನಿಗೆ ಹೆದರ್ತಾರೆ, ಅವನು ಒಂದು ಉರಿಗೆ ಹೆದರ್ತಾನೆ. ಕೊನೆಗೆ ಸಾಯೋದೂ ಅದರಲ್ಲೇ.

ಹಳೇದು ಇರ್ಲಿ, ಆದ್ರೆ ಅದು ಇವತ್ತಿನ ಸೀನಲ್ಲಿ ಕೈಕಾಲು ಆಡಿಸ್ತಿರಬೇಕು. ಡಬ್ಬೀಲಿಟ್ಟ ಉಪ್ಪಿನಕಾಯಿ ಥರ ಬೇಕಾದಾಗ ತೆಗೆದು ಬಡಿಸೋದಲ್ಲ.

ಎರಡನೇ_ಆಟ | 7:52

ಒಪ್ಪಿದೆ. ಉಪ್ಪಿನಕಾಯಿ ಉಪಮೆ ನಾನು ಕದೀತೀನಿ.

ಗಾಂಧಿ_ಕ್ಲಾಸ್ | 8:30

ಎಲ್ಲಾ ಖಳರಿಗೂ ಕೌನ್ಸೆಲಿಂಗ್ ಯಾಕ್ ಸ್ವಾಮಿ? ವಜ್ರಮುನಿ ಪರದೆ ಮೇಲೆ ಬಂದು ಹುಬ್ಬೇರಿಸಿದ್ರೆ ನಮ್ಮಜ್ಜಿ ಕೂತಲ್ಲೇ ನೆಟಿಗೆ ಮುರಿದು ಶಾಪ ಹಾಕೋರು. ಅದರಲ್ಲೂ ಒಂದು ಸುಖ ಇತ್ತು. 'ಸಂಪತ್ತಿಗೆ ಸವಾಲ್' ನೋಡೋಕೆ ಹೋದೋರು ಸಾಹುಕಾರನ ಮನಸ್ಸಿನೊಳಗೆ ಏನಿದೆ ಅಂತ ಕೇಳ್ಕೊಂಡು ಹೋದ್ರಾ? ಖಳ ಖಳನ ಥರ ಇರ್ಲಿ, ನಾಯಕ ಹೊಡೀಲಿ, ನಾವು ಶಿಳ್ಳೆ ಹಾಕಿ ಮನೆಗೆ ಹೋಗಿ ಮುದ್ದೆ ಉಣ್ಣೋಣ.

ಘಟ್ಟದ_ಕೆಳಗಿನವ | 9:40

ಗಾಂಧಿ ಕ್ಲಾಸಿನವರೇ, ನೀವು ಹೇಳಿದ್ದೂ ಸರಿಯೇ ಮಾರಾಯ್ರೆ. ಆದರೆ ನನಗೆ ಅಯ್ಯೋ ಅನ್ನಿಸಿದವ ಒಬ್ಬ ಉಂಟು, ಅದೂ ನಮ್ಮದೇ ಜಿಲ್ಲೆಯವ. ಅಡೂರು ಗೋಪಾಲಕೃಷ್ಣನ್ ಅವರ 'ವಿಧೇಯನ್'. ಸಿನಿಮಾ ಮಲಯಾಳದ್ದು, ಕತೆ ನಡೆಯುವುದು ದಕ್ಷಿಣ ಕನ್ನಡದಲ್ಲಿ. ಮಮ್ಮುಟ್ಟಿಯ ಭಾಸ್ಕರ ಪಟೇಲ ಕನ್ನಡವೂ ಮಾತಾಡ್ತಾನೆ. ಘಟ್ಟದ ಕಡೆಗೆ ಜಾಗ ಹುಡುಕಿಕೊಂಡು ಬಂದ ತೊಮ್ಮಿ ಎಂಬ ಬಡ ಕ್ರಿಶ್ಚಿಯನ್ನನನ್ನು ಒದ್ದು, ಉಗಿದು, ಅವನ ಹೆಂಡತಿಯನ್ನೂ ಬಿಡದೆ, ಕೊನೆಗೆ ಅವನನ್ನೇ ತನ್ನ ನೆರಳು ಮಾಡಿಕೊಳ್ತಾನೆ. ಒಳ್ಳೆಯದು ಅಂತ ಹುಡುಕಿದರೆ ಒಂದು ಚಿಟಿಕೆಯೂ ಸಿಗ್ಲಿಕ್ಕಿಲ್ಲ.

ಆದರೆ ಹೆಂಡತಿಯನ್ನು ಕೊಂದು ಕಾಡಿಗೆ ಓಡುವಾಗ ನೋಡಿ. ಗತ್ತಿನ ಪಟೇಲ ಈಗ ಕಲ್ಲಿನ ಮೇಲೆ ಕೂತ ಒಬ್ಬ ಮುದುಕ. ಜೊತೆಗಿರುವುದು ತೊಮ್ಮಿ ಒಬ್ಬನೇ, ತಾನು ತುಳಿದವನೇ. ಅವ ಇಲ್ಲದಿದ್ದರೆ ಪಟೇಲನಿಗೆ ದಿಕ್ಕೇ ಇಲ್ಲ. ನನಗೆ ಅಲ್ಲಿ ಎದೆ ಹಿಂಡಿದ ಹಾಗೆ ಆಯ್ತು, ಅದಾದ ಕೂಡಲೇ ನನ್ನ ಮೇಲೇ ಅಸಹ್ಯವೂ ಆಯ್ತು. ಎರಡೂ ಒಟ್ಟಿಗೆ ಆಗುವುದು ಉಂಟಲ್ಲ, ನನ್ನ ಲೆಕ್ಕದಲ್ಲಿ ಅದೇ ಪಾಸ್ ಮಾರ್ಕು.

ಇನ್ನೊಂದು, ವಿಷಯ ಸ್ವಲ್ಪ ಬೇರೆ. ಚಿಕ್ಕವನಿದ್ದಾಗ ಯಕ್ಷಗಾನದ ಆಟ ನೋಡ್ಲಿಕ್ಕೆ ಹೋದರೆ ನಾನು ಇರುತ್ತಿದ್ದದ್ದು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ. ತೆಂಕುತಿಟ್ಟಿನ ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಸಂಜೆಯಿಂದ ಕೂತು ಮುಖಕ್ಕೆ ಚಿಟ್ಟಿ ಇಡುತ್ತಾರೆ. ಅಕ್ಕಿಹಿಟ್ಟು, ಸುಣ್ಣ ಕಲಸಿದ್ದು, ಒಂದೊಂದೇ ಮುಳ್ಳು ಎಬ್ಬಿಸಿದ ಹಾಗೆ. ಗಂಟೆಗಟ್ಟಲೆ ಕೆಲಸ. ಒಮ್ಮೆ ಅರ್ಧ ಮುಖಕ್ಕೆ ಮಾತ್ರ ಚಿಟ್ಟಿ ಇಟ್ಟಿದ್ದ ರಾವಣ ಕನ್ನಡಿ ನೋಡಿಕೊಂಡೇ ಪಕ್ಕದವರ ಹತ್ತಿರ, "ಮಗಳಿಗೆ ಜ್ವರ ಬಿಟ್ಟಿತಾ ಇಲ್ವಾ ಗೊತ್ತಿಲ್ಲ" ಅಂತ ಹೇಳುತ್ತಿದ್ದರು. ಆಮೇಲೆ ಅದೇ ರಾವಣ ತೆರೆ ಹಿಡಿಸಿ ಆರ್ಭಟ ಕೊಟ್ಟಾಗ ಊರಿನ ಮಕ್ಕಳೆಲ್ಲ ಅತ್ತರು. ನನಗೆ ಹೆದರಿಕೆ ಆಗಲೇ ಇಲ್ಲ, ಇವರ ಮಗಳಿಗೆ ಹುಷಾರಾಯ್ತಾ ಅಂತಲೇ ಯೋಚನೆ.

ಖಾರಾ_ಮಂಡಕ್ಕಿ | 11:05

ಏನ್ರಿ ಎಲ್ಲಾರೂ ಹಿಚ್‌ಕಾಕ್, ಅಡೂರು ಅಂತ ಹೊರಗಿನವರನ್ನ ಹಿಡಕೊಂಡ ಕುಂತೀರಲ್ಲ. ನಮ್ಮ ಮುಧೋಳ ಸೀಮಿ ರನ್ನ ಸಾವಿರ ವರ್ಷದ ಹಿಂದ ಈ ಕೆಲಸಾ ಮಾಡಿ ಮುಗಿಸ್ಯಾನ್ರಿ. ಸಿನಿಮಾ ಅಲ್ಲ ಅಂತ ಬೈಬ್ಯಾಡ್ರಿ, 'ಗದಾಯುದ್ಧ' ಓದಿದ್ರ ಕ್ಯಾಮರಾ ಎಲ್ಲಿಟ್ಟಾನ ಅನ್ನೋದು ಸುದ್ದಾ ಕಾಣ್ತೈತಿ.

ದುರ್ಯೋಧನ ರಣದಾಗ ನಡಕೋತ ಹೊಂಟಾನ. ಜೋಡಿ ಸಂಜಯ ಅದಾನ. ಕಾಲಿಗೆ ಹೆಣಾ ತೊಡರತಾವ. ದ್ರೋಣನ್ನ ನೋಡ್ತಾನ, ತಮ್ಮನ್ನ ನೋಡ್ತಾನ, ಮಗನ್ನ ನೋಡ್ತಾನ. ನಡುವ ಅಭಿಮನ್ಯು ಹೆಣಾ ಸಿಗತೈತಿ. ವೈರಿ ಮಗಾರೀ ಅಂವಾ! ತಾವ ಸುತ್ತಗಟ್ಟಿ ಕೊಂದದ್ದು. ಅವನ ಮುಂದ ನಿಂತು, ನಿನ್ನ ಸಾಹಸದಾಗ ಒಂದು ಪಾಲಿನಷ್ಟರ ಸಾವು ನನಗೂ ಬರಲಿ ಅಂತ ಬೇಡಕೋತಾನ. ಮುಂದ ಕರ್ಣ. ಕರ್ಣ ಯಾರ ಮಗಾ ಅನ್ನೋದು ದುರ್ಯೋಧನಗ ಮೊದಲ ಗೊತ್ತಿತ್ತು ಅಂತಾನ ರನ್ನ. ನನಗ ಗೊತ್ತು, ಕುಂತಿಗೆ ಗೊತ್ತು, ಕೃಷ್ಣಗ ಗೊತ್ತು ಅಂತ ಎಣಿಸಿ ಅಳತಾನ. ಪಾಂಡವರ ಅಣ್ಣಾ ಅಂತ ಗೊತ್ತಿದ್ದೂ ಗೆಳೆತನಾ ಬಿಡಲಿಲ್ಲ.

ಇಷ್ಟೆಲ್ಲಾ ಆದ ಮ್ಯಾಲೆ ವೈಶಂಪಾಯನ ಸರೋವರ. ನೀರಾಗ ಅಡಗ್ಯಾನ. ಮ್ಯಾಲೆ ಭೀಮ ಒದರತಾನ. "ನೀರೊಳಗಿರ್ದುಂ ಬೆಮರ್ತನ್ ಉರಗಪತಾಕಂ." ನೀರಾಗ ಇದ್ರೂ ಬೆವತನ್ರಿ! ಅದು ಅಂಜಿಕಿ ಬೆವರಲ್ಲ, ಸಿಟ್ಟಿಂದು, ನಾಚಿಕಿದು. ನೀರಾಗ ಬೆವರೋದು ಯಾರಿಗೆ ಕಾಣಬೇಕ್ರಿ? ಕವಿಗೆ ಕಂಡೈತಿ, ನಮಗ ತೋರಿಸ್ಯಾನ. ನೀವು ಹೇಳಿದ ಕಾರು ಅರ್ಧ ಮುಳುಗಿ ನಿಂತದ್ದೂ ಇಂಥಾದ್ದ. ಅಂವಾ ಒಬ್ಬನ ಇದ್ದಾಗ ಅವನ ಮೈ ಏನ ಮಾಡತೈತಿ ಅನ್ನೋದನ್ನ ನಮಗಷ್ಟ ತೋರಿಸೋದು.

ಎರಡನೇ_ಆಟ | 11:20

ಸರ್, ನೀರೊಳಗಿನ ಬೆವರು ಹೈಸ್ಕೂಲಲ್ಲಿ ಅಲಂಕಾರ ಅಂತ ಬಾಯಿಪಾಠ ಮಾಡಿದ್ದೆ. ಕ್ಲೋಸಪ್ ಅಂತ ಇವತ್ತೇ ಗೊತ್ತಾಗಿದ್ದು.

ಎಡಿಟ್_ರೂಮ್ | ಮಧ್ಯಾಹ್ನ 2:10

ನಾನು ಇದೇ ಫೀಲ್ಡು. ಹದಿನಾಲ್ಕು ವರ್ಷ ಅಸಿಸ್ಟೆಂಟು, ಅಸೋಸಿಯೇಟು, ಈಗ ಬರವಣಿಗೆ. ಒಂದು ಸ್ವಂತ ಗೋಳು ಹೇಳ್ತೀನಿ.

ಒಂದು ಸ್ಕ್ರಿಪ್ಟಲ್ಲಿ ಮೀಟರ್ ಬಡ್ಡಿಯವನ ಪಾತ್ರ ಬರೆದಿದ್ದೆ. ಕಟುಕ. ಸಾಲ ತೀರಿಸದವರ ಬೈಕು, ತಾಳಿ, ಏನೂ ಬಿಡಲ್ಲ. ಅವನಿಗೆ ಓದು ಬರಲ್ಲ, ಲೆಕ್ಕ ಎಲ್ಲ ತಲೆಯಲ್ಲೇ. ಇದನ್ನ ಎಲ್ಲೂ ಬಾಯಿಬಿಟ್ಟು ಹೇಳಿಸಿರಲಿಲ್ಲ. ಮಗಳ ಸ್ಕೂಲಲ್ಲಿ ಮಾರ್ಕ್ಸ್ ಕಾರ್ಡ್ ಕೊಡ್ತಾರೆ, ಇವನು ತಲೆಕೆಳಗಾಗಿ ಹಿಡ್ಕೊಂಡು ತುಂಬಾ ಹೊತ್ತು ನೋಡಿ, "ಪರವಾಗಿಲ್ಲ" ಅಂತಾನೆ. ಮಗಳು ಮೆಲ್ಲಗೆ ಅದನ್ನ ತಿರುಗಿಸಿ ಕೈಗೆ ಕೊಡ್ತಾಳೆ. ಯಾರೂ ಏನೂ ಮಾತಾಡಲ್ಲ. ಅಷ್ಟೇ ಸೀನು, ನಲವತ್ತು ಸೆಕೆಂಡ್.

ದುಡ್ಡು ಹಾಕೋರು, ಹೆಸರು ಬೇಡ, "ಇದರಲ್ಲಿ ಎಮೋಷನ್ ಎಲ್ಲಿದೆ?" ಅಂದ್ರು. ಸೀನು ಹೋಯ್ತು. ಅದರ ಬದಲಿಗೆ ಸೆಕೆಂಡ್ ಹಾಫಲ್ಲಿ ಏಳು ನಿಮಿಷದ ಫ್ಲ್ಯಾಶ್‌ಬ್ಯಾಕ್: ಅವನಪ್ಪ ಸಾಲಕ್ಕೆ ನೇಣು ಹಾಕಿಕೊಳ್ಳೋದು, ಹಾಡು ಸಮೇತ. ಥಿಯೇಟರಲ್ಲಿ ಹಿಂದೆ ನಿಂತು ನೋಡ್ದೆ. ಆ ಏಳು ನಿಮಿಷ ಎಷ್ಟು ಮೊಬೈಲ್ ಬೆಳಕು ಅಂದ್ರೆ, ಕತ್ತಲೇಲಿ ಜಾತ್ರೆ ಥರ ಕಾಣ್ತಿತ್ತು.

ಓದಕ್ಕೆ ಬರದ ನಾಚಿಕೆ ಎಲ್ಲರಿಗೂ ಗೊತ್ತಿರೋದಲ್ಲ, ಆದ್ರೆ ಮಕ್ಕಳ ಮುಂದೆ ಸಣ್ಣವರಾಗೋ ನಾಚಿಕೆ ಗೊತ್ತಿರತ್ತೆ. ಫ್ಲ್ಯಾಶ್‌ಬ್ಯಾಕ್ ಬಂದ್ರೆ ಪ್ರೇಕ್ಷಕ ಜಡ್ಜ್ ಆಗಿಬಿಡ್ತಾನೆ, ಹೌದೋ ಅಲ್ವೋ, ಕ್ಷಮಿಸಬೇಕೋ ಬೇಡವೋ ಅಂತ. ಮಾರ್ಕ್ಸ್ ಕಾರ್ಡ್ ಸೀನಲ್ಲಿ ಜಡ್ಜ್ ಮಾಡಕ್ಕೆ ಟೈಮ್ ಸಿಗಲ್ಲ.

ಅಡುಗೆಮನೆ_ಕಿಟಕಿ | ಸಂಜೆ 4:33

ಬೆಳಗ್ಗೆಯಿಂದ ಓದ್ತಾ ಇದ್ದೀನಿ. ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಒಂದು ತಕರಾರಿದೆ.

ಮೇಲಿಂದ ಕೆಳಗೆ ಇನ್ನೊಮ್ಮೆ ಓದಿ. 'ಸೈಕೋ'ದಲ್ಲಿ ಸತ್ತವಳು 'ಆ ಹುಡುಗಿ'. 'ಪರಿಂದಾ'ದಲ್ಲಿ ಸುಟ್ಟುಹೋದವಳು 'ಹೆಂಡತಿ'. 'ವಿಧೇಯನ್'ನಲ್ಲೂ 'ಹೆಂಡತಿ', ಎರಡು ಸಲ. ಪಟೇಲನ ಹೆಂಡತಿಗೆ ಸರೋಜ ಅಂತ ಹೆಸರಿದೆ, ತೊಮ್ಮಿಯ ಹೆಂಡತಿಗೆ ಓಮನ ಅಂತ ಹೆಸರಿದೆ. ನಾರ್ಮನ್, ಅಣ್ಣಾ, ಭಾಸ್ಕರ ಪಟೇಲ, ಇವೆಲ್ಲ ನಿಮಗೆ ಸಲೀಸಾಗಿ ನೆನಪಾಗತ್ತೆ. ಅಯ್ಯೋ ಅನ್ನೋದು ತಪ್ಪಲ್ಲ. ಆದ್ರೆ ಒಬ್ಬನಿಗೆ ಕೊಟ್ಟ ಅಯ್ಯೋ ಇನ್ನೊಬ್ಬಳ ಲೆಕ್ಕದಿಂದ ಕಳೆದು ಕೊಟ್ಟಿದ್ದಾ ಅಂತ ನೋಡ್ಕೋಬೇಕು.

ಸರಿಯಾಗಿ ಮಾಡಿದ ಉದಾಹರಣೆ ಬೇಕಂದ್ರೆ 2019ರ 'ಕುಂಬಳಂಗಿ ನೈಟ್ಸ್'. ಫಹಾದ್ ಫಾಸಿಲ್ ಮಾಡಿರೋ ಶಮ್ಮಿ. ಕನ್ನಡಿ ಮುಂದೆ ನಿಂತು ಮೀಸೆ ತಿದ್ಕೋತಾನೆ, ಗಾಜಿಗೆ ಅಂಟಿಸಿದ್ದ ಹೆಂಗಸರ ಬಿಂದಿ ಕಣ್ಣಿಗೆ ಬೀಳತ್ತೆ. ಕೈಯಲ್ಲಿ ಕೀಳಲ್ಲ, ಬ್ಲೇಡಲ್ಲಿ ಕೆರೆದು ತೆಗೀತಾನೆ. ಆಮೇಲೆ ತನ್ನ ಮುಖ ನೋಡ್ಕೊಂಡು ಖುಷಿ ಪಡ್ತಾನೆ. ಸ್ನಾನಕ್ಕೆ ಮುಂಚೆ ಬಿಂದಿ ತೆಗೆದು ಕನ್ನಡಿಗೆ ಅಂಟಿಸೋ ಅಭ್ಯಾಸ ನಮ್ಮ ಯಾವ ಮನೇಲಿಲ್ಲ ಹೇಳಿ? ಆ ಬಚ್ಚಲು ನಮ್ಮದೇ ಅನ್ನಿಸ್ತು, ಆ ಬ್ಲೇಡೂ. ಮುಂದೊಂದು ಕಡೆ ಗೋಡೆ ಮೂಲೆಗೆ ಮುಖ ಮಾಡಿ ನಿಂತ್ಕೋತಾನೆ, ಶಿಕ್ಷೆ ಕೊಟ್ಟ ಹುಡುಗನ ಥರ. ಅವನೊಳಗೆ ಏನೋ ಮುರಿದಿದೆ ಅಂತ ಗೊತ್ತಾಗತ್ತೆ. ಏನು ಅಂತ ಸಿನಿಮಾ ಹೇಳೋದೇ ಇಲ್ಲ, ಬಾಲ್ಯ ತೋರಿಸಲ್ಲ. ಹಾಗೇ ಆ ಮನೆಯ ಹೆಣ್ಣುಮಕ್ಕಳ ಹೆದರಿಕೆಯಿಂದ ಕ್ಯಾಮರಾನೂ ಆಚೆ ತಿರುಗಿಸಲ್ಲ.

ಇನ್ನು ಹೆಂಗಸರು ಖಳರಾದರೆ ನಮ್ಮಲ್ಲಿ ಅತ್ತೆ, ಸವತಿ ಅಥವಾ ದೆವ್ವ. ದೆವ್ವಗಳಲ್ಲಿ ನನಗೆ ನಿಜಕ್ಕೂ ಅಯ್ಯೋ ಅನ್ನಿಸಿದ್ದು 'ಆಪ್ತಮಿತ್ರ'ದ ನಾಗವಲ್ಲಿ. ರಾಜ ಕೊಂದ ನರ್ತಕಿ, ಪ್ರೀತಿಸಿದವನ ಜೊತೆ ಬದುಕಬೇಕು ಅಂದವಳು. ಅವಳ ಸಿಟ್ಟಲ್ಲಿ ತಪ್ಪೇನಿದೆ? 2004ರ ಆಗಸ್ಟಲ್ಲಿ ಆ ಸಿನಿಮಾ ಬಂದಾಗ ಸೌಂದರ್ಯ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಕಡೆಯ ನಾಟ್ಯದಲ್ಲಿ ನನ್ನ ಪಕ್ಕದ ಸೀಟಿನವರು ಅತ್ತಿದ್ದು ನಾಗವಲ್ಲಿಗೋ ಸೌಂದರ್ಯಗೋ ನನಗೆ ಇವತ್ತಿಗೂ ಗೊತ್ತಿಲ್ಲ.

ಘಟ್ಟದ_ಕೆಳಗಿನವ | 4:50

ತಪ್ಪಾಯ್ತು ಅಕ್ಕ. ಸರೋಜ. ಅವಳೇ ಅಲ್ವಾ ಆ ಮನೆಯಲ್ಲಿ ಪಟೇಲನಿಗೆ ಎದುರು ಬುದ್ಧಿ ಹೇಳುತ್ತಿದ್ದವಳು. ಅವಳ ಹೆಸರನ್ನೇ ನಾನು ಮರೆತದ್ದು ನೋಡಿ.

ಎಡಿಟ್_ರೂಮ್ | 5:26

ಕಿಟಕಿ ಮೇಡಂ ಹೇಳಿದ್ದಕ್ಕೆ ತುಂಬ ಹಳೇ ಉದಾಹರಣೆ ಇದೆ. ಫ್ರಿಟ್ಜ್ ಲಾಂಗ್‌ನ 'ಎಂ', ಜರ್ಮನಿ, 1931. ಪೀಟರ್ ಲೋರೆ ಮಾಡಿರೋದು ಮಕ್ಕಳನ್ನ ಕೊಲ್ಲೋನ ಪಾತ್ರ. ಶಿಳ್ಳೆ ಹಾಕ್ತಾ ಓಡಾಡ್ತಾನೆ, ಆ ಶಿಳ್ಳೆಯಿಂದಲೇ ಬಲೂನು ಮಾರೋ ಕುರುಡ ಅವನನ್ನ ಗುರುತು ಹಿಡೀತಾನೆ. ಪೊಲೀಸರಿಗಿಂತ ಮುಂಚೆ ಊರಿನ ಕಳ್ಳಕಾಕರೇ ಹಿಡಿದು, ನೆಲಮಾಳಿಗೆಯಲ್ಲಿ ಕೋರ್ಟು ಕೂರಿಸ್ತಾರೆ. ಅಲ್ಲಿ ಅವನು ಮಂಡಿಯೂರಿ ಕಿರುಚ್ತಾನೆ: ನೀವು ಬೇಕಂತ ಕಳ್ಳತನ ಮಾಡ್ತೀರಿ, ನನಗೆ ನನ್ನ ಕೈಯಿಂದ ತಪ್ಪಿಸ್ಕೊಳ್ಳೋಕೇ ಆಗಲ್ಲ ಅನ್ನೋ ಅರ್ಥದಲ್ಲಿ. ಕೂತು ಕೇಳ್ತಿರೋ ಕಳ್ಳರಲ್ಲಿ ಒಬ್ಬಿಬ್ಬರು ತಲೆ ಆಡಿಸ್ತಾರೆ. ನಾವೂ ಆಡಿಸ್ತೀವಿ.

ಆದ್ರೆ ಲಾಂಗ್ ಅಲ್ಲಿಗೆ ಮುಗಿಸಲ್ಲ. ಕೊನೇ ಶಾಟು ಕಪ್ಪು ಬಟ್ಟೆಯ ತಾಯಂದಿರದ್ದು. ಇದರಿಂದ ನಮ್ಮ ಮಕ್ಕಳು ವಾಪಸ್ ಬರಲ್ಲ ಅಂತಾಳೆ ಒಬ್ಬಳು. ಕೊಲೆಗಾರನಿಗೆ ಪೂರ್ತಿ ಮಾತಾಡೋಕೆ ಬಿಟ್ಟು, ಕೊನೇ ಮಾತು ಮಾತ್ರ ಅವನಿಗೆ ಕೊಡಲಿಲ್ಲ. ನಾನು ಯಾವ ಸ್ಕ್ರಿಪ್ಟ್ ಬರೆಯೋ ಮುಂಚೆಯೂ ಇದನ್ನ ಇನ್ನೊಂದ್ಸಲ ನೋಡ್ತೀನಿ.

ಕೊನೆ_ಬೆಂಚು | 6:02

'ಕಾಂತಾರ' ಯಾರೂ ತೆಗೀಲೇ ಇಲ್ವಲ್ಲ! ಅದರಲ್ಲಿ ಎರಡು ಆಟ ಇದೆ. ಕಿಶೋರ್ ಮಾಡಿರೋ ಫಾರೆಸ್ಟ್ ಆಫೀಸರನ್ನ ಖಳ ಅಂದ್ಕೊಂಡು ಬೈತಾ ಕೂತಿರ್ತೀವಿ, ಅವನು ತನ್ನ ಡ್ಯೂಟಿ ಮಾಡ್ತಿದ್ದ ಅಷ್ಟೆ. ಅಚ್ಯುತ್ ಕುಮಾರ್ ಅವರ ಧಣಿ ನಗ್ತಾ ನಗ್ತಾ ಬರ್ತಾರೆ, ವಿಷ ಅಲ್ಲಿರತ್ತೆ. ಅಯ್ಯೋ ಅನ್ನಿಸಿದ್ದು ನನಗೆ ಆಫೀಸರಿಗೇ, ಅಷ್ಟೊತ್ತು ಸುಮ್ಸುಮ್ನೆ ಬೈದಿದ್ದಕ್ಕೆ.

ಗೋಕರ್ಣದ_ಬದಿಯವಳು | ರಾತ್ರಿ 8:47

ಇಷ್ಟೊತ್ತು ಸುಮ್ಮನಿದ್ದೆ, ರಾವಣನ ಹೆಸರು ಬಂದ ಮೇಲೆ ಸುಮ್ಮನಿರಲಿಕ್ಕೆ ಆಗಲಿಲ್ಲ.

1958ರ 'ಭೂಕೈಲಾಸ'ದಲ್ಲಿ ರಾಜಕುಮಾರ್ ರಾವಣ. ಖಳನ ಕತೆ ಅಲ್ಲ, ಭಕ್ತನ ಕತೆ. ನಮ್ಮ ಕಡೆ ಮಕ್ಕಳಿಗೆ ಅದನ್ನು ಸಿನಿಮಾದಲ್ಲಿ ತೋರಿಸಬೇಕಂತಿಲ್ಲ, ಊರೇ ಸೆಟ್ಟು. ಆತ್ಮಲಿಂಗ ಹಿಡಿದುಕೊಂಡು ರಾವಣ ಲಂಕೆಗೆ ಹೊರಟಿದ್ದಾನೆ, ನೆಲಕ್ಕಿಟ್ಟರೆ ಅಲ್ಲೇ ಕೂತುಬಿಡುತ್ತದೆ. ವಿಷ್ಣು ಚಕ್ರ ಅಡ್ಡ ಹಿಡಿದು ಸೂರ್ಯನನ್ನು ಮರೆ ಮಾಡಿದ. ಸಂಜೆಯಾಯಿತು ಅಂತ ರಾವಣನಿಗೆ ಸಂಧ್ಯಾವಂದನೆಯ ಚಿಂತೆ. ಅಲ್ಲೇ ದನ ಕಾಯುತ್ತಿದ್ದ ಮಾಣಿಯ ಕೈಲಿ ಲಿಂಗ ಕೊಟ್ಟ, ಮಾಣಿ ವೇಷದಲ್ಲಿದ್ದದ್ದು ಗಣಪತಿ. ಮಾಣಿ ಮೂರು ಸಲ ಕರೆದು, ಇವನು ಬರುವಷ್ಟರಲ್ಲಿ ಕೆಳಗಿಟ್ಟ. ಎಳೆದ, ತಿರುಚಿದ, ಬರಲಿಲ್ಲ. ಅದಕ್ಕೇ ಲಿಂಗ ದನದ ಕಿವಿಯ ಹಾಗಾಯಿತು, ಊರಿಗೆ ಗೋಕರ್ಣ ಅಂತ ಹೆಸರಾಯಿತು ಅಂತ ಕತೆ.

ಮಹಾಗಣಪತಿ ದೇವಸ್ಥಾನಕ್ಕೆ ಹೋದರೆ ವಿಗ್ರಹದ ನೆತ್ತಿಯ ಮೇಲೆ ಒಂದು ತಗ್ಗಿದೆ. ರಾವಣ ಸಿಟ್ಟಿನಲ್ಲಿ ಗುದ್ದಿದ್ದು ಅಂತ ತೋರಿಸುತ್ತಾರೆ. ಅಮ್ಮಮ್ಮ ನನ್ನನ್ನು ಎತ್ತಿ ಹಿಡಿದು ಅದನ್ನು ತೋರಿಸಿದ್ದು ನೆನಪಿದೆ. ಅವರು ಗಣಪತಿಗೆ ಕೈಮುಗಿದು ಹೇಳಿದ್ದು, "ಪಾಪ, ರಾವಣ." ನೋವಾದದ್ದು ಗಣಪತಿಗೆ, ಪಾಪ ರಾವಣ! ಯಾಕೆ ಅಮ್ಮಮ್ಮ ಅಂದೆ. "ಜಪ ಬಿಟ್ಟಿದ್ದರೆ ಗೆಲ್ಲುತ್ತಿದ್ದ."

ಈಗ ನಿಮ್ಮೆಲ್ಲರದ್ದನ್ನು ಓದಿದ ಮೇಲೆ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಎಲ್ಲರೂ ಖಳನ ಗಾಯ ಹುಡುಕುತ್ತಿದ್ದೀರಿ. ರಾವಣ ಸೋತದ್ದು ಗಾಯದಿಂದಲ್ಲ. ಹೊತ್ತಿಗೆ ಸರಿಯಾಗಿ ಸಂಧ್ಯಾವಂದನೆ ಮಾಡುವ ಅವನ ಶಿಸ್ತಿನಿಂದ. ದುರ್ಯೋಧನ ಕೆಟ್ಟದ್ದೂ ಕರ್ಣನನ್ನು ಬಿಡಲಾರದೆ. ನಾರ್ಮನ್ ತಾಯಿಗೆ ಒಳ್ಳೆಯ ಮಗ, ಅದೇ ಅವನ ರೋಗ. ಕೆಟ್ಟವನಲ್ಲಿರುವ ಒಂದು ಒಳ್ಳೆಯದೇ ಅವನ ಕೊರಳಿಗೆ ಉರುಲಾಗುತ್ತದಲ್ಲ, ನನಗೆ ಪಾಪ ಅನ್ನಿಸುವುದು ಅಲ್ಲಿ. ಅವನು ಪೂರ್ತಿ ಕೆಟ್ಟವನಾಗಿದ್ದರೆ ಬಚಾವಾಗುತ್ತಿದ್ದ.

ಎಡಿಟ್_ರೂಮ್ | 9:03

ಈ ಕಡೇ ವಾಕ್ಯ ಬರೆದಿಟ್ಕೊಂಡೆ. ನನ್ನ ಬಡ್ಡಿಯವನಿಗೂ ಮಗಳನ್ನ ಓದಿಸೋ ಹುಚ್ಚು ಇತ್ತು. ಅದೇ ಅವನನ್ನ ಸಿಕ್ಕಿಸಬೇಕಿತ್ತು. ನನಗೆ ಹೊಳೀಲಿಲ್ಲ.

ಗಾಂಧಿ_ಕ್ಲಾಸ್ | 9:15

ನಾನೂ ಸೋತೆ ಅನ್ನಿ. ಆದ್ರೂ ವಜ್ರಮುನಿ ಹುಬ್ಬು ಹುಬ್ಬೇ.

ಅಡುಗೆಮನೆ_ಕಿಟಕಿ | 9:31

ಗೋಕರ್ಣದವರ ಮಾತು ನನಗೂ ಹಿಡಿಸ್ತು. ಆದ್ರೆ ಶಮ್ಮಿಗೆ ಅದು ಒಗ್ಗಲ್ಲ. ಅವನಲ್ಲಿ ಒಳ್ಳೇದು ಅಂತ ಇರೋದು ನೀಟಾಗಿರೋದು ಒಂದೇ, ಹೆದರಿಕೆ ಹುಟ್ಟಿಸೋದೂ ಅದೇ. ಹಾಗಾಗಿ ಇದೇ ಸೂತ್ರ ಅಂತ ಯಾರೂ ಗಂಟು ಹಾಕ್ಕೋಬೇಡಿ.

ಎರಡನೇ_ಆಟ | 10:20

ಊಟಕ್ಕೆ ಕೂತಾಗ ಅಮ್ಮನ್ನ ಕೇಳಿದೆ, ನಿನ್ನೆ ಯಾಕೆ ಅಯ್ಯೋ ಅಂದೆ ಅಂತ. ಸಾರು ಬಡಿಸ್ತಾ ಅಂದ್ರು: "ಅಷ್ಟು ಚೆನ್ನಾಗಿ ಬಚ್ಚಲು ತೊಳೆದಿದ್ದ ಕಣೋ. ನಿಮ್ಮಪ್ಪ ಒಂದಿನ ಆದ್ರೂ ಹಾಗೆ ತೊಳೆದಿದ್ದಾರಾ?"

ಒಂದು ದಿನದ ಚರ್ಚೆ ಎಲ್ಲಿಗೆ ಬಂದು ನಿಂತಿತು ನೋಡಿ.

ಅಡುಗೆಮನೆ_ಕಿಟಕಿ | 10:24

ನಿಮ್ಮಮ್ಮ ನನಗೆ ಇಷ್ಟ ಆದ್ರು. ಇನ್ನೊಂದು ಕೇಳಿ ನೋಡಿ: ಡಿಕ್ಕಿಯಲ್ಲಿದ್ದವಳ ಹೆಸರೇನು ಅಂತ. ನೀವು ಮೂರು ಸಲ ನೋಡಿದೀರಿ, ಇನ್ನೂ 'ಆ ಹುಡುಗಿ'ಯಲ್ಲೇ ಇದೀರಿ.

ಎರಡನೇ_ಆಟ | 10:41

ಕೇಳಿದೆ. ಪಾತ್ರೆ ತೊಳೀತಿದ್ರು, ತಿರುಗಿ ಕೂಡ ನೋಡದೆ "ಮೇರಿಯನ್" ಅಂದ್ರು. ನಾನು ಗೂಗಲ್ ಮಾಡಿ ಸರಿನಾ ಅಂತ ನೋಡ್ಕೋಬೇಕಾಯ್ತು.